ಒಂದು ಲ್ಯಾಟಿನ್ ಕ್ರಿಯಾಪದದ ಬೇರು ಹುಡುಕುವುದು ಹೇಗೆ? ‘ಫೆರ್ರೆ’ಯನ್ನು ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ಟ್ರಾನ್ಸ್‌ಫರ್ ಮತ್ತು ಟ್ರಾನ್ಸ್‌ಲೇಟ್. ರೆಫರ್ ಮತ್ತು ರಿಲೇಟ್. ಕೇಳಲು ಬೇರೆ ಬೇರೆ ಅನ್ನಿಸುವ ಈ ಜೋಡಿಗಳು ಲ್ಯಾಟಿನ್ನಿನ ಒಂದೇ ಕ್ರಿಯಾಪದದ ಎರಡು ರೂಪಗಳಿಂದ ಬಂದಿವೆ. ಆ ಕ್ರಿಯಾಪದ ‘ಫೆರ್ರೆ’. ಹೊರು, ಒಯ್ಯು, ತರು ಎನ್ನುವುದು ಅದರ ಮೊದಲ ಅರ್ಥ. ನಾವು ದಿನಾ ಆಡುವ ‘ಭಾರ’, ‘ಭರಿಸು’, ‘ಆಭರಣ’ ಕೂಡ ಸಂಸ್ಕೃತದ ದಾರಿ ಹಿಡಿದು ಬಂದ ಅದರ ನೆಂಟರೇ.

ಹೀಗೆ ಹೇಳಿದ ಕೂಡಲೇ ಕೆಲವರು ‘ಸುಮ್ನೆ ಕಾಕತಾಳೀಯ’ ಅನ್ನುತ್ತಾರೆ. ಇನ್ನು ಕೆಲವರು ‘ಹಾಗಾದರೆ ಲ್ಯಾಟಿನ್ ಕೂಡ ಸಂಸ್ಕೃತದಿಂದಲೇ ಹುಟ್ಟಿತು’ ಅನ್ನುತ್ತಾರೆ. ಎರಡೂ ಸರಿಯಲ್ಲ. ಪದಗಳ ನೆಂಟಸ್ತಿಕೆಯನ್ನು ಪರೀಕ್ಷೆ ಮಾಡಲು ಗಟ್ಟಿಯಾದ ವಿಧಾನವೊಂದಿದೆ. ಅದನ್ನು ಕಲಿಯಲು ಪಂಡಿತರಾಗಬೇಕಿಲ್ಲ. ಕನ್ನಡ ಬಲ್ಲವರಿಗೆ, ಶಾಲೆಯಲ್ಲಿ ಒಂದಿಷ್ಟು ಸಂಸ್ಕೃತ ಓದಿದವರಿಗೆ ಅರ್ಧ ಸಾಮಗ್ರಿ ಆಗಲೇ ಕೈಯಲ್ಲಿದೆ. ಫೆರ್ರೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೆಜ್ಜೆ ಹೆಜ್ಜೆಯಾಗಿ ಹೋಗೋಣ. ಆಮೇಲೆ ಬೇರೆ ಯಾವ ಕ್ರಿಯಾಪದ ಹಿಡಿದರೂ ದಾರಿ ಇದೇ.

ಶುರು ಮಾಡುವ ಮೊದಲು

ಲೂಯಿಸ್ ಮತ್ತು ಶಾರ್ಟ್ ಅವರ ಲ್ಯಾಟಿನ್ ನಿಘಂಟು 1879ರದ್ದು. ಹಳೆಯದಾದರೂ ಉದಾಹರಣೆ ವಾಕ್ಯಗಳು ಅದರಲ್ಲಿ ಧಾರಾಳ. ಪರ್ಸಿಯಸ್ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಪದಮೂಲಕ್ಕೆ ಮಾತ್ರ ಅದನ್ನು ನಂಬಬೇಡಿ. ಆ ಕೆಲಸಕ್ಕೆ 2008ರಲ್ಲಿ ಬಂದ ಮಿಖಿಲ್ ದ ವಾನ್ ಅವರ ನಿಘಂಟು ಒಳ್ಳೆಯದು. ವಿಕ್ಷನರಿಯಿಂದ ಆರಂಭಿಸಬಹುದು, ಅಲ್ಲಿಗೇ ನಿಲ್ಲಬಾರದು. ಕನ್ನಡದ ಕಡೆಗೆ 1894ರ ಕಿಟೆಲ್ ನಿಘಂಟು ಬೇಕು. ದ್ರಾವಿಡ ಪದಗಳಿಗೆ ಬರೋ ಮತ್ತು ಎಮೆನೋ ಅವರ ನಿಘಂಟು ಬೇಕು. ಜೊತೆಗೆ ಒಂದು ನೋಟ್‌ಬುಕ್ ಇರಲಿ.

ಲ್ಯಾಟಿನ್ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ನಮ್ಮಲ್ಲಿ ಎ, ಏ ಬೇರೆ. ಒ, ಓ ಬೇರೆ. ಲ್ಯಾಟಿನ್ನಿನಲ್ಲೂ ಹಾಗೇ. ನಾಗರಿಯಲ್ಲಿ ಈ ಭೇದ ತೋರಿಸಲು ಒದ್ದಾಡಬೇಕು, ನಮಗೆ ಆ ಕಷ್ಟವಿಲ್ಲ. ಹ್ರಸ್ವ, ದೀರ್ಘ ತಪ್ಪಿದರೆ ಮುಂದೆ ಲೆಕ್ಕವೆಲ್ಲ ತಪ್ಪುತ್ತದೆ.

ಹೆಜ್ಜೆ 1: ನಾಲ್ಕು ರೂಪಗಳನ್ನು ಬರೆದುಕೊಳ್ಳಿ

ಕನ್ನಡ ನಿಘಂಟಿನಲ್ಲಿ ‘ಹೊರು’ ಎಂದು ಧಾತುವನ್ನೇ ಹುಡುಕುತ್ತೇವೆ. ಲ್ಯಾಟಿನ್ ನಿಘಂಟಿನಲ್ಲಿ ಹುಡುಕಬೇಕಾದ್ದು ‘ನಾನು ಹೊರುತ್ತೇನೆ’ ಎಂಬ ರೂಪವನ್ನು. ಅಂದರೆ ‘ಫೆರ್ರೆ’ ಅಲ್ಲ, ‘ಫೆರೋ’. ಹೊಸಬರು ಮೊದಲು ಎಡವುವುದು ಇಲ್ಲೇ.

ಲ್ಯಾಟಿನ್ ಕ್ರಿಯಾಪದಕ್ಕೆ ನಿಘಂಟು ಸಾಮಾನ್ಯವಾಗಿ ನಾಲ್ಕು ರೂಪ ಕೊಡುತ್ತದೆ. ಇಲ್ಲಿ ಸಿಗುವುದು ಇವು: ಫೆರೋ (ಹೊರುತ್ತೇನೆ), ಫೆರ್ರೆ (ಹೊರುವುದು), ತುಲೀ (ಹೊತ್ತೆ), ಲಾತುಮ್ (ಹೊರಲಿಕ್ಕೆ). ನಾಲ್ಕನೆಯದರ ಬುಡದಿಂದಲೇ ‘ಲಾತುಸ್’, ಅಂದರೆ ‘ಹೊರಲಾದ’, ಎಂಬ ರೂಪವೂ ಆಗುತ್ತದೆ.

ಮೊದಲೆರಡು ಒಂದೇ ಥರ ಇವೆ. ಮೂರನೆಯದು ಬೇರೆ, ನಾಲ್ಕನೆಯದು ಮತ್ತೂ ಬೇರೆ. ಸಾಧಾರಣ ಕ್ರಿಯಾಪದಗಳು ಹೀಗಿರುವುದಿಲ್ಲ. ‘ಪ್ರೀತಿಸು’ ಎಂಬುದಕ್ಕೆ ಆಮೋ, ಆಮಾರೆ ಎಂದು ಎಳೆದು ಬರೆಯುವವರಿದ್ದಾರೆ. ಅದು ಅಮೋ, ಅಮಾರೆ, ಅಮಾವೀ, ಅಮಾತುಮ್. ನಾಲ್ಕರಲ್ಲೂ ‘ಅಮ್’ ಇದೆ. ಫೆರೋ ಹಾಗಲ್ಲ ಎಂಬುದನ್ನು ಗುರುತು ಹಾಕಿಕೊಳ್ಳಿ. ಐದನೇ ಹೆಜ್ಜೆಯಲ್ಲಿ ಇದು ಬೇಕಾಗುತ್ತದೆ.

ಹೆಜ್ಜೆ 2: ಅರ್ಥವನ್ನು ವಾಕ್ಯಗಳಲ್ಲಿ ನೋಡಿ

ನಿಘಂಟಿನ ಅರ್ಥಪಟ್ಟಿಯನ್ನು ಬಾಯಿಪಾಠ ಮಾಡಬೇಡಿ. ಕೈಗೆ, ಕಣ್ಣಿಗೆ ಸಿಗುವ ಅರ್ಥ ಯಾವುದೋ ಅದನ್ನು ಮೊದಲು ಇಡಿ. ಮಿಕ್ಕವು ಅದರಿಂದ ಹೇಗೆ ಕವಲೊಡೆದವು ಎಂದು ನೋಡುತ್ತಾ ಹೋಗಿ.

ರೋಮಿನ ಕವಿ ವರ್ಜಿಲ್‌ನ ಈನಿಯಡ್ ಕಾವ್ಯದ ಎರಡನೇ ಭಾಗದಲ್ಲಿ ಟ್ರಾಯ್ ಊರಿನ ಹೊರಗೆ ಗ್ರೀಕರು ಬಿಟ್ಟುಹೋದ ಮರದ ಕುದುರೆ ನಿಂತಿರುತ್ತದೆ. ಅದನ್ನು ಒಳಗೆ ತರಬೇಡಿ ಎಂದು ಪುರೋಹಿತ ಲಾಒಕೊಓನ್ ಎಚ್ಚರಿಸುತ್ತಾನೆ: ‘ತಿಮೆಓ ದನಓಸ್ ಎತ್ ದೋನ ಫೆರೆಂತೇಸ್’. ಗ್ರೀಕರು ಕಾಣಿಕೆ ತಂದರೂ ನನಗೆ ಭಯವೇ, ಎಂದರ್ಥ. ಇಲ್ಲಿ ‘ಫೆರೆಂತೇಸ್’ ಅಂದರೆ ‘ಹೊತ್ತು ತರುತ್ತಿರುವವರು’. ಸಂಸ್ಕೃತದ ‘ಭರಂತಃ’ ಅದಕ್ಕೆ ಸರಿಸಮ. ಪಕ್ಕದ ‘ದೋನ’ ನಮ್ಮ ‘ದಾನ’ದ ಒಡಹುಟ್ಟು. ಎರಡು ಸಾವಿರ ವರ್ಷ ಹಿಂದಿನ ರೋಮಿನ ಸಾಲಿನಲ್ಲಿ ಹೀಗೆ ಎರಡು ಪರಿಚಿತ ಮುಖಗಳು ಎದುರಾಗುವುದು ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಅದೇ ಕವಿಯ ಗೋಪಗೀತೆಗಳಲ್ಲಿ, ಒಂಬತ್ತನೆಯದರಲ್ಲಿ, ಮುದುಕನೊಬ್ಬ ತನಗೆ ಹಾಡುಗಳು ಮರೆತುಹೋದವು ಎಂದು ಕೊರಗುತ್ತಾನೆ: ‘ಒಮ್ನಿಅ ಫೆರ್ತ್ ಐತಾಸ್, ಅನಿಮುಮ್ ಕ್ವೊಕ್ವೆ’. ವಯಸ್ಸು ಎಲ್ಲವನ್ನೂ ಹೊತ್ತೊಯ್ಯುತ್ತದೆ, ಮನಸ್ಸನ್ನೂ ಕೂಡ. ಇಲ್ಲಿ ತರುವುದಲ್ಲ, ಕಿತ್ತುಕೊಂಡು ಹೋಗುವುದು.

ಇದೇ ಪದಕ್ಕೆ ತಾಳಿಕೋ, ಸಹಿಸು ಎಂಬ ಅರ್ಥವೂ ಇದೆ. ಮರ ಹಣ್ಣು ಬಿಡುವುದಕ್ಕೂ ಇದೇ ಪದ. ‘ಫರ್ಟೈಲ್’ ಬಂದದ್ದು ಆ ಕಡೆಯಿಂದ. ‘ಫೆರುಂತ್’ ಎಂದರೆ ‘ಹೊರುತ್ತಾರೆ’ ಮಾತ್ರವಲ್ಲ, ‘ಜನ ಹೇಳುತ್ತಾರೆ’ ಎಂದೂ ಆಗುತ್ತದೆ. ಸುದ್ದಿಯನ್ನು ಬಾಯಿಂದ ಬಾಯಿಗೆ ಹೊತ್ತೊಯ್ಯುವುದು, ಅಲ್ವಾ?

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ರೋಮಿನ ಕಾನೂನಿನ ಮಾತು. ಅಧಿಕಾರಿಯೊಬ್ಬ ಮಸೂದೆಯನ್ನು ಜನಸಭೆಯ ಮುಂದೆ ತರುವುದಕ್ಕೆ ‘ಲೇಗೆಮ್ ಫೆರ್ರೆ’ ಎನ್ನುತ್ತಿದ್ದರು, ಅಂದರೆ ಕಾನೂನನ್ನು ಹೊತ್ತು ತರುವುದು. ಹಾಗೆ ತರುವವನು ‘ಲೇಗಿಸ್ ಲಾತೋರ್’. ಇಂಗ್ಲಿಷಿನ ‘ಲೆಜಿಸ್ಲೇಟರ್’ ಅದೇ. ವಿಧಾನಸೌಧದಲ್ಲಿ ಕೂರುವವರ ಇಂಗ್ಲಿಷ್ ಹೆಸರಿನಲ್ಲಿ ‘ಹೊತ್ತು ತರುವವ’ ಎಂಬ ಪದ ಅಡಗಿದೆ.

ಹೆಜ್ಜೆ 3: ಉಪಸರ್ಗಗಳನ್ನು ಬಿಡಿಸಿ

ಸಂಸ್ಕೃತದಲ್ಲಿ ಆಹಾರ, ವಿಹಾರ, ಸಂಹಾರ, ಪ್ರಹಾರ ಎಂದು ಒಂದೇ ಧಾತುವಿಗೆ ಉಪಸರ್ಗ ಸೇರಿ ಅರ್ಥ ಬದಲಾಗುವುದನ್ನು ಓದಿದ್ದೇವೆ. ಲ್ಯಾಟಿನ್ ಮಾಡುವುದೂ ಇದನ್ನೇ. ‘ತ್ರಾನ್ಸ್’ ಅಂದರೆ ಆಚೆಗೆ. ಆಚೆಗೆ ಹೊತ್ತೊಯ್ದರೆ ತ್ರಾನ್ಸ್‌ಫೆರೋ. ಅದರ ಮೊದಲ ರೂಪದಿಂದ ಟ್ರಾನ್ಸ್‌ಫರ್, ನಾಲ್ಕನೇ ರೂಪವಾದ ತ್ರಾನ್ಸ್‌ಲಾತುಮ್‌ನಿಂದ ಟ್ರಾನ್ಸ್‌ಲೇಟ್. ಶಾಲೆ ಬಿಡುವಾಗ ಕೊಡುವ ಟಿ.ಸಿ.ಯ ಮೊದಲ ಅಕ್ಷರ, ಅನುವಾದಕರ ಕೆಲಸ, ಎರಡಕ್ಕೂ ಬುಡ ಒಂದೇ.

ಉಪಸರ್ಗದ ಕೊನೆಯ ವ್ಯಂಜನ ಮುಂದಿನ ಅಕ್ಷರಕ್ಕೆ ತಕ್ಕಂತೆ ಬದಲಾಗುತ್ತದೆ. ನಮ್ಮ ವ್ಯಂಜನ ಸಂಧಿಯ ಹಾಗೇ. ‘ಓಬ್’ ಇದ್ದದ್ದು ‘ಒಫ್ಫೆರೋ’ ಆಗುತ್ತದೆ ಎಂದು ಬರೆದರೆ ತಪ್ಪು. ಉಪಸರ್ಗ ‘ಒಬ್’, ಹ್ರಸ್ವ. ಅದರಿಂದ ಒಫ್ಫೆರೋ, ಅಂದರೆ ಮುಂದೆ ತಂದಿಡುತ್ತೇನೆ. ಹಬ್ಬದ ಸೀಸನ್ನಿನ ‘ಆಫರ್’ ಇದೇ. ‘ದಿಸ್’ ಸೇರಿ ದಿಫ್ಫೆರೋ, ಬೇರೆ ಬೇರೆ ಕಡೆಗೆ ಒಯ್ಯುವುದು, ಅದರಿಂದ ಡಿಫರೆನ್ಸ್. ‘ಕೊನ್’ ಸೇರಿದರೆ ಒಟ್ಟಿಗೆ ತರುವುದು, ಕಾನ್ಫರೆನ್ಸ್. ‘ಸುಬ್’ ಸೇರಿ ಸುಫ್ಫೆರೋ, ಕೆಳಗೆ ನಿಂತು ಹೊರುವುದು, ಸಫರ್. ‘ಅಬ್’ ಮಾತ್ರ ವಿಚಿತ್ರ: ಔಫೆರೋ, ಅಬ್ಸ್ತುಲೀ, ಅಬ್ಲಾತುಮ್. ನಮ್ಮ ಪಂಚಮೀ ವಿಭಕ್ತಿಗೆ ಇಂಗ್ಲಿಷಿನಲ್ಲಿ ‘ಅಬ್ಲೇಟಿವ್’ ಎನ್ನುವುದು ಇದರಿಂದ. ಆಚೆ ಒಯ್ಯುವ ವಿಭಕ್ತಿ ಎಂದರ್ಥ.

ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿ. ಒಂದರಲ್ಲಿ ‘ಫರ್’ ಇರುವ ಇಂಗ್ಲಿಷ್ ಪದಗಳು, ಇನ್ನೊಂದರಲ್ಲಿ ‘ಲೇಟ್’ ಇರುವವು. ರೆಫರ್ ಎದುರು ರಿಲೇಟ್. ಪ್ರಿಫರ್ ಎದುರು ಪ್ರಿಲೇಟ್, ಅಂದರೆ ಚರ್ಚಿನ ಹಿರಿಯ ಧರ್ಮಾಧಿಕಾರಿ. ಹೀಗೆ ತುಂಬುತ್ತಾ ಹೋಗಿ.

ಹೆಜ್ಜೆ 4: ಧ್ವನಿನಿಯಮದ ಪರೀಕ್ಷೆ

ಇಡೀ ಕೆಲಸದ ಜೀವ ಇಲ್ಲಿದೆ. ಇಲ್ಲಿ ಆತುರ ಬೇಡ.

ಎರಡು ಪದ ಒಂದೇ ಥರ ಕೇಳಿಸಿದರೆ ಅವು ನೆಂಟರಾಗಬೇಕಿಲ್ಲ. ನೆಂಟರಾಗಿದ್ದರೆ ಒಂದೇ ಥರ ಕೇಳಿಸಬೇಕೆಂದೂ ಇಲ್ಲ. ನೋಡಬೇಕಾದ್ದು ವ್ಯತ್ಯಾಸ ನಿಯಮಬದ್ಧವಾಗಿದೆಯೇ ಎಂಬುದನ್ನು. ಹಳಗನ್ನಡದ ಪಾಲ್ ಹಾಲಾಯಿತು, ಪೂ ಹೂವಾಯಿತು, ಪಂದಿ ಹಂದಿಯಾಯಿತು. ಪದದ ಮೊದಲ ‘ಪ’ ಸಾಲು ಸಾಲಾಗಿ ‘ಹ’ ಆಯಿತು. ಧ್ವನಿನಿಯಮ ಅಂದರೆ ಇಷ್ಟೇ.

ಈಗ ಫೆರೋ ಪಕ್ಕಕ್ಕೆ ಸಂಸ್ಕೃತದ ‘ಭೃ’ ಧಾತುವನ್ನು ಇಡಿ. ವೇದದ ಭಾಷೆಯಲ್ಲಿ ‘ಬಿಭರ್ತಿ’ ಜೊತೆಗೆ ‘ಭರತಿ’ ಎಂಬ ರೂಪವೂ ಧಾರಾಳ.

ಫೆರೋ – ಭರಾಮಿ
ಫೆರ್ಸ್ – ಭರಸಿ
ಫೆರ್ತ್ – ಭರತಿ
ಫೆರಿಮುಸ್ – ಭರಾಮಃ
ಫೆರ್ತಿಸ್ – ಭರಥ
ಫೆರುಂತ್ – ಭರಂತಿ

ಜೋರಾಗಿ ಓದಿ ನೋಡಿ. ಧಾತು ಮಾತ್ರವಲ್ಲ, ಪ್ರತ್ಯಯಗಳೂ ಜೊತೆಯಾಗಿ ನಡೆಯುತ್ತವೆ. 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾತಾಡಿದ ವಿಲಿಯಂ ಜೋನ್ಸ್ ಬೊಟ್ಟು ಮಾಡಿದ್ದು ಇದನ್ನೇ: ಸಂಸ್ಕೃತ, ಗ್ರೀಕ್, ಲ್ಯಾಟಿನ್ನುಗಳ ಧಾತುಗಳಲ್ಲೂ ವ್ಯಾಕರಣ ರೂಪಗಳಲ್ಲೂ ಕಾಣುವ ಹೋಲಿಕೆ ಆಕಸ್ಮಿಕವಾಗಿರಲು ಸಾಧ್ಯವಿಲ್ಲ, ಮೂರೂ ಒಂದೇ ಮೂಲದಿಂದ ಬಂದಿರಬೇಕು, ಆ ಮೂಲ ಈಗ ಉಳಿದಿಲ್ಲದಿರಬಹುದು. 30 ವರ್ಷದ ಮೇಲೆ, 1816ರಲ್ಲಿ, ಫ್ರಾಂಜ್ ಬಾಪ್ ಎಂಬ ಜರ್ಮನ್ ವಿದ್ವಾಂಸ ಈ ಭಾಷೆಗಳ ಕ್ರಿಯಾರೂಪಗಳನ್ನು ಒಂದೊಂದಾಗಿ ಹೋಲಿಸಿ ಪುಸ್ತಕ ಬರೆದ. ಕ್ರಿಯಾಪದಗಳಿಂದಲೇ ಈ ಶಾಸ್ತ್ರ ಗಟ್ಟಿಯಾಯಿತು.

ಈಗ ಅಕ್ಷರ ಅಕ್ಷರವಾಗಿ ಪರೀಕ್ಷಿಸಿ. ಸಂಸ್ಕೃತದ ಮೊದಲ ‘ಭ’ಕ್ಕೆ ಲ್ಯಾಟಿನ್ನಿನಲ್ಲಿ ‘ಫ’ ಬರಬೇಕು. ಬರುತ್ತದೆಯೇ? ಭ್ರಾತೃ – ಫ್ರಾತೆರ್. ‘ಭೂ’ ಧಾತು – ಫುಈ (ಇದ್ದೆ). ಬರುತ್ತದೆ. ಪದದ ನಡುವೆ ಇದ್ದರೆ? ನಭಸ್ – ನೆಬುಲ. ತುಭ್ಯಂ – ತಿಬಿ. ನಡುವೆ ‘ಬ’ ಆಗುತ್ತದೆ. ಇಂಗ್ಲಿಷಿನಲ್ಲಿ ಮೊದಲಕ್ಷರ ‘ಬ’: ಬ್ರದರ್, ಬಿ, ಬೇರ್. ‘ಹೊರು, ತಾಳು’ ಎಂಬ ಅರ್ಥದ ಈ ‘ಬೇರ್’ ಲ್ಯಾಟಿನ್ನಿಂದ ಸಾಲ ತಂದದ್ದಲ್ಲ, ಇಂಗ್ಲಿಷಿನ ಸ್ವಂತ ಆಸ್ತಿ. ಗ್ರೀಕಿನಲ್ಲೂ ಫೆರೋ ಎಂದೇ ಇದೆ. ಆದರೆ ಹಳೆಯ ಗ್ರೀಕಿನ ‘ಫ’ ನಮ್ಮ ‘ಫಲ’ದ ಮಹಾಪ್ರಾಣ, ಲ್ಯಾಟಿನ್ನಿನದು ‘ಫ್ಯಾನ್’ ಎನ್ನುವಾಗಿನ ಧ್ವನಿ. ಅರ್ಮೇನಿಯನ್ನಿನಲ್ಲಿ ‘ಬೆರೆಮ್’.

ಸ್ವರಗಳಲ್ಲಿ ಇನ್ನೂ ದೊಡ್ಡ ಕಥೆ ಇದೆ. ಲ್ಯಾಟಿನ್ನಿನ ‘ಅ’ಕ್ಕೆ ಮಾತ್ರವಲ್ಲ, ‘ಎ’, ‘ಒ’ ಎರಡಕ್ಕೂ ಸಂಸ್ಕೃತದಲ್ಲಿ ‘ಅ’ ಸಿಗುತ್ತದೆ. ಎಸ್ತ್ – ಅಸ್ತಿ, ಸೆಪ್ತೆಮ್ – ಸಪ್ತ, ಒಕ್ತೋ – ಅಷ್ಟ. ಹಾಗಾದರೆ ಹಳೆಯದು ಯಾವುದು? ಒಂದು ‘ಅ’ ಲ್ಯಾಟಿನ್ನಿನಲ್ಲಿ ಒಡೆದು ಮೂರಾಯಿತೇ, ಅಥವಾ ಮೂರು ಸ್ವರಗಳು ಸಂಸ್ಕೃತದಲ್ಲಿ ಒಂದಾದವೇ?

ಉತ್ತರ 1870ರ ದಶಕದಲ್ಲಿ ಸಿಕ್ಕಿತು. ‘ಮತ್ತು’ ಎಂಬುದಕ್ಕೆ ಲ್ಯಾಟಿನ್ ‘ಕ್ವೆ’, ಸಂಸ್ಕೃತ ‘ಚ’. ‘ಏನು’ ಎಂಬುದಕ್ಕೆ ಲ್ಯಾಟಿನ್ ‘ಕ್ವೊದ್’, ವೇದದಲ್ಲಿ ‘ಕದ್’. ಒಂದು ಕಡೆ ಚ, ಇನ್ನೊಂದು ಕಡೆ ಕ. ಯಾಕೆ? ‘ಎ’ ಮುಂದೆ ಇದ್ದಾಗ ‘ಕ’ ಮೆತ್ತಗಾಗಿ ‘ಚ’ ಆಗಿದೆ. ‘ಒ’ ಮುಂದೆ ‘ಕ’ ಹಾಗೇ ಉಳಿದಿದೆ. ಅಂದರೆ ಸಂಸ್ಕೃತದ ಪೂರ್ವಜ ಭಾಷೆಯಲ್ಲಿ ‘ಎ’ ಇತ್ತು. ಅದು ‘ಕ’ವನ್ನು ‘ಚ’ ಮಾಡಿ, ಆಮೇಲೆ ತಾನೂ ‘ಅ’ ಆಯಿತು. ನಮ್ಮ ಸುತ್ತಲೂ ಇದೇ ಆಗಿದೆ ನೋಡಿ. ಕನ್ನಡದ ‘ಕಿವಿ’ ತೆಲುಗಿನಲ್ಲೂ ತಮಿಳಿನಲ್ಲೂ ‘ಚೆವಿ’.

ಆದ್ದರಿಂದ ಈ ವಿಷಯದಲ್ಲಿ ಹಳೆಯ ಸ್ವರ ಉಳಿಸಿಕೊಂಡಿರುವುದು ಲ್ಯಾಟಿನ್. ಹಳೆಯ ‘ಭ’ ಉಳಿಸಿಕೊಂಡಿರುವುದು ಸಂಸ್ಕೃತ. ಎರಡನ್ನೂ ಸೇರಿಸಿದರೆ ಮೂಲ ಧಾತು ಸಿಗುತ್ತದೆ: *ಭೆರ್. ಮುಂದಿನ ನಕ್ಷತ್ರ ಗುರುತನ್ನು ಮರೆಯದೆ ಹಾಕಿ. ಇದು ಎಲ್ಲೂ ಬರೆದಿಟ್ಟ ಪದವಲ್ಲ, ಲೆಕ್ಕ ಹಾಕಿ ಕಟ್ಟಿದ್ದು ಎಂಬುದಕ್ಕೆ ಅದು ಗುರುತು. ಲ್ಯಾಟಿನ್ ಸಂಸ್ಕೃತದ ಮಗಳಲ್ಲ, ಸಂಸ್ಕೃತ ಲ್ಯಾಟಿನ್ನಿನ ಮಗಳಲ್ಲ, ಇಬ್ಬರೂ ಅಕ್ಕತಂಗಿಯರು. ಹೀಗನ್ನುವುದರಿಂದ ಸಂಸ್ಕೃತದ ಘನತೆ ಕಡಿಮೆಯಾಗುವುದಿಲ್ಲ. ಸಂಸ್ಕೃತದ ‘ಭ’ ಇಲ್ಲದಿದ್ದರೆ ಈ ಲೆಕ್ಕ ಇಷ್ಟು ಸಲೀಸಾಗುತ್ತಿರಲಿಲ್ಲ.

ಹೆಜ್ಜೆ 5: ಹೊಂದದ ರೂಪಗಳ ಜಾಡು ಹಿಡಿಯಿರಿ

ತುಲೀ, ಲಾತುಮ್ ಬಾಕಿ ಇವೆ. ಯಾವ ನಿಯಮ ಹಾಕಿದರೂ ‘ಫೆರ್’ ಎಂಬುದು ‘ತುಲ್’ ಆಗುವುದಿಲ್ಲ. ಹಾಗಿರುವಾಗ ಎಳೆದು ಹೊಂದಿಸಬೇಡಿ. ಬೇರೊಂದು ಧಾತು ಬಂದು ಸೇರಿಕೊಂಡಿದೆ ಎಂದು ತಿಳಿಯಿರಿ. ಸಂಸ್ಕೃತದಲ್ಲಿ ‘ಪಶ್ಯತಿ’ ಎಂದರೆ ನೋಡುತ್ತಾನೆ, ‘ದದರ್ಶ’ ಎಂದರೆ ನೋಡಿದನು. ಅಲ್ಲೂ ಎರಡು ಧಾತುಗಳು ಕೂಡಿ ಒಂದೇ ಕ್ರಿಯಾಪದದ ಕೆಲಸ ಮಾಡುತ್ತವೆ. ಗ್ರೀಕರ ಫೆರೋ ಕೂಡ ಭವಿಷ್ಯಕ್ಕೆ ‘ಒಇಸೋ’, ಭೂತಕ್ಕೆ ‘ಏನೆಂಕ’ ಎಂದು ಬೇರೆ ಕಡೆಯಿಂದ ರೂಪ ತಂದುಕೊಂಡಿದೆ. *ಭೆರ್ ಧಾತು ಮುಗಿಯದೆ ನಡೆಯುತ್ತಲೇ ಇರುವ ಕೆಲಸವನ್ನು ಹೇಳುವಂಥದ್ದು. ಮುಗಿದ ಕೆಲಸ ಹೇಳಲು ಬೇರೆ ಧಾತು ಬೇಕಾಯಿತು.

ತುಲೀ ಬಂದದ್ದು ‘ತೊಲ್ಲೋ’, ಅಂದರೆ ‘ಎತ್ತುತ್ತೇನೆ’, ಎಂಬ ಕ್ರಿಯಾಪದದ ಬಳಗದಿಂದ. ಇದಕ್ಕೂ ಹಳೆಯ ರೂಪ ಹುಡುಕಿ. ರೋಮಿನ ಹಳೆಯ ನಾಟಕಕಾರ ಪ್ಲಾಟಸ್‌ನ ನಾಟಕಗಳಲ್ಲಿ ‘ತೆತುಲೀ’ ಎಂದು ಸಿಗುತ್ತದೆ. ‘ದದರ್ಶ’ದಲ್ಲಿ ‘ದ’ ಎರಡು ಸಲ ಬಂದ ಹಾಗೆ ಇಲ್ಲಿ ‘ತ’ ಎರಡು ಸಲ. ಆಮೇಲಿನ ಲ್ಯಾಟಿನ್ನಿನಲ್ಲಿ ಮೊದಲ ‘ತೆ’ ಉದುರಿಹೋಯಿತು. ಆದರೆ ಅದರ ಕುರುಹು ಒಂದು ಕಡೆ ಉಳಿದಿದೆ. ರೆಫೆರೋ ಪದದ ಭೂತರೂಪ ‘ರೆತ್ತುಲೀ’. ಅಲ್ಲಿ ಒತ್ತಕ್ಷರ ಯಾಕೆ? ರೆ-ತೆ-ತುಲೀ ಎಂಬುದರ ನಡುವಿನ ‘ಎ’ ಬಿದ್ದುಹೋಗಿ ಎರಡು ‘ತ’ ಒತ್ತಿಕೊಂಡವು. ಇಂಥ ಸಣ್ಣ ಒತ್ತಕ್ಷರವೊಂದು ನೂರಾರು ವರ್ಷ ಹಿಂದಿನ ರೂಪಕ್ಕೆ ಸಾಕ್ಷಿ ಹೇಳುತ್ತದೆ. ಸಣ್ಣ ವಿಚಿತ್ರಗಳನ್ನು ಯಾವತ್ತೂ ದಾಟಿ ಹೋಗಬೇಡಿ.

ಲಾತುಮ್ ಕೂಡ ಇದೇ ಧಾತುವಿನದು. ಮೊದಲು ಅದು *ತ್ಲಾತುಮ್ ಆಗಿತ್ತು. ಪದದ ಮೊದಲಿಗೆ ‘ತ್ಲ’ ಲ್ಯಾಟಿನ್ ಬಾಯಿಗೆ ಒಗ್ಗಲಿಲ್ಲ, ‘ತ’ ಹೋಯಿತು. ಗ್ರೀಕಿನ ‘ತ್ಲೇತೊಸ್’ನಲ್ಲಿ ಅದು ಉಳಿದಿದೆ. ಲ್ಯಾಟಿನ್ನಿನ ‘ತೊಲೆರಾರೆ’ ಇದೇ ಮನೆಯದು, ಅದರಿಂದ ಟಾಲರೇಟ್. ತಕ್ಕಡಿ, ತೂಕ ಎಂಬ ಅರ್ಥದ ಗ್ರೀಕಿನ ‘ತಲಂತೊನ್’ ಕೂಡ; ಅದೇ ಇವತ್ತಿನ ಟ್ಯಾಲೆಂಟ್. ಸಂಸ್ಕೃತದಲ್ಲಿ ಇದರ ಜೊತೆ ಸೇರಿಸುವ ಪದ ‘ತುಲಾ’.

ಈಗ ನಮ್ಮ ‘ತುಲಾಭಾರ’ ಎಂಬ ಪದವನ್ನು ನೋಡಿ. ಉಡುಪಿಯಲ್ಲಿ ಹರಕೆ ತೀರಿಸುವವರು ಆಡುವ ಪದ. ಹಂಪಿಯ ವಿಠ್ಠಲ ದೇವಸ್ಥಾನದ ಹತ್ತಿರ ಇರುವ ಕಲ್ಲಿನ ತಕ್ಕಡಿ ಕಂಬಗಳ ಹೆಸರು. ತುಲಾ ಎಂಬುದು ‘ತುಲೀ’ಯ ಧಾತು. ಭಾರ ಎಂಬುದು ‘ಫೆರೋ’ದ ಧಾತು. ಲ್ಯಾಟಿನ್ ಯಾವ ಎರಡು ಧಾತುಗಳನ್ನು ಕೂಡಿಸಿ ಒಂದು ಕ್ರಿಯಾಪದ ಮಾಡಿಕೊಂಡಿತೋ, ಅವೇ ಎರಡು ಧಾತುಗಳು ನಮ್ಮಲ್ಲಿ ಒಂದು ಸಮಾಸದಲ್ಲಿ ಅಕ್ಕಪಕ್ಕ ಕೂತಿವೆ. ಇದನ್ನು ಯಾರೂ ಯೋಜಿಸಿ ಮಾಡಿದ್ದಲ್ಲ. ಹೊರುವುದು, ಎತ್ತುವುದು, ತೂಗುವುದು ಪಕ್ಕಪಕ್ಕದ ಕೆಲಸಗಳು, ಹಾಗಾಗಿ ಪದಗಳೂ ಪದೇ ಪದೇ ಜೊತೆಯಾಗುತ್ತವೆ.

ಹೆಜ್ಜೆ 6: ಸುಳ್ಳು ನೆಂಟರನ್ನು ಹೊರಗಿಡಿ

‘ಫರ್’ ಕಂಡಲ್ಲೆಲ್ಲ ಫೆರ್ರೆ ಇರುವುದಿಲ್ಲ. ಇಂಟರ್‌ಫಿಯರ್ ಪದ ಬಂದದ್ದು ‘ಫೆರೀರೆ’, ಅಂದರೆ ಹೊಡೆ ಎಂಬುದರಿಂದ, ಫ್ರೆಂಚ್ ಮೂಲಕ. ಫೆರೋಷಿಯಸ್ ಬಂದದ್ದು ಕಾಡು, ಒರಟು ಎಂಬ ಅರ್ಥದ ‘ಫೆರುಸ್’ ಕಡೆಯಿಂದ. ಫೆರಸ್ ಅಂದರೆ ಕಬ್ಬಿಣ, ‘ಫೆರ್ರುಮ್’. ಟ್ರಾನ್ಸ್‌ಫಾರ್ಮರ್‌ನಲ್ಲಿರುವುದು ಆಕಾರ ಎಂಬ ಅರ್ಥದ ‘ಫಾರ್ಮ’. ಎಲ್ಲಕ್ಕಿಂತ ಮೋಸ ಮಾಡುವುದು ಫೆರ್ರಿ. ಜನರನ್ನು ಹೊತ್ತು ದಾಟಿಸುವ ದೋಣಿ, ಅರ್ಥವೂ ಸರಿಹೊಂದುತ್ತದೆ. ಆದರೂ ಅದು ಹಳೆಯ ಇಂಗ್ಲಿಷಿನ ಸ್ವಂತ ಪದ, *ಪೆರ್ ಎಂಬ ಬೇರೆಯೇ ಧಾತುವಿನದು. ಪರೀಕ್ಷೆ ಸುಲಭ: *ಭೆರ್ ಧಾತು ಇಂಗ್ಲಿಷಿಗೆ ನೇರವಾಗಿ ಬಂದಿದ್ದರೆ ‘ಬ’ ಇರಬೇಕಿತ್ತು.

ಲಾತುಮ್ ಕಡೆಯೂ ಹುಷಾರಾಗಿರಿ. ಅಗಲ ಎಂಬ ಅರ್ಥದ ಇನ್ನೊಂದು ‘ಲಾತುಸ್’ ಇದೆ, ಅದು ಮೊದಲು ಸ್ತ್ಲಾತುಸ್ ಆಗಿದ್ದ ಪದ. ಪಕ್ಕ ಎಂಬ ಅರ್ಥದ ‘ಲತುಸ್’ ಹ್ರಸ್ವ, ಅದರಿಂದ ಲ್ಯಾಟರಲ್. ದೀರ್ಘ ಬರೆದುಕೊಳ್ಳಿ ಎಂದದ್ದು ಇದಕ್ಕೇ.

ಹೆಜ್ಜೆ 7: ಕನ್ನಡದ ಪದಗಳನ್ನು ಬೇರ್ಪಡಿಸಿ

ಇಲ್ಲಿ ನಮ್ಮವರೇ ಜಾಸ್ತಿ ತಪ್ಪುವುದು. ಕನ್ನಡ ದ್ರಾವಿಡ ಭಾಷೆ. *ಭೆರ್ ನಮಗೆ ಹುಟ್ಟಿನಿಂದ ಬಂದದ್ದಲ್ಲ, ಎರವಲಾಗಿ ಬಂದದ್ದು. ಭಾರ, ಭರಿಸು, ಭೃತ್ಯ, ಭಾರ್ಯೆ, ಆಭರಣ ಸಂಸ್ಕೃತದಿಂದ ಬಂದವು. ಭೃತ್ಯ ಅಂದರೆ ಹೊರಬೇಕಾದವ, ಸಾಕಬೇಕಾದವ. ‘ಭರ್ತಿ’ ಉತ್ತರದ ಭಾಷೆಗಳಿಂದ ಬಂತು. ‘ಪೈಗಂಬರ’ ಬಂದದ್ದು ಪರ್ಷಿಯನ್ನಿನಿಂದ: ಪೈಗಾಮ್ ಅಂದರೆ ಸಂದೇಶ, ಬರ್ ಅಂದರೆ ಹೊತ್ತು ತರುವವ. ಆ ‘ಬರ್’ ಕೂಡ *ಭೆರ್ ಸಂತಾನವೇ. ಇನ್ನು ರೆಫರೆನ್ಸ್, ಆಫರ್ ಇಂಗ್ಲಿಷ್ ಮೂಲಕ ಬಂದವು. ಒಂದೇ ಧಾತು ನಾಲ್ಕು ಬಾಗಿಲಿನಿಂದ ಕನ್ನಡದ ಮನೆಗೆ ಬಂದಿದೆ. ಪ್ರತಿ ಪದದ ಮುಂದೆ ಅದು ಬಂದ ಬಾಗಿಲನ್ನೂ ಬರೆದಿಡಿ.

ಹಾಗಾದರೆ ‘ಹೊರು’? ಹಳಗನ್ನಡದಲ್ಲಿ ‘ಪೊಱು’, ತಮಿಳಿನಲ್ಲೂ ‘ಪೊಱು’. ಇಂಗ್ಲಿಷಿನ ಬೇರ್, ನಮ್ಮ ಪೊಱು ಹತ್ತಿರ ಹತ್ತಿರ ಕೇಳುತ್ತವೆ, ಅರ್ಥವೂ ಒಂದೇ. ಆದರೂ ನೆಂಟಸ್ತಿಕೆ ಇಲ್ಲ. ಪೊಱುವಿನ ‘ಪ’ಕ್ಕೂ *ಭೆರ್‌ನ ‘ಭ’ಕ್ಕೂ ನಡುವೆ ಪದದಿಂದ ಪದಕ್ಕೆ ನಿಲ್ಲುವ ನಿಯಮವಿಲ್ಲ. ಹೊರು, ಹೊರೆ ಅಪ್ಪಟ ದ್ರಾವಿಡ ಪದಗಳು. ತೂಕ, ತೂಗು ಕೂಡ ಹಾಗೇ. ‘ತುಲಾ’ ಜೊತೆ ಸೇರಿಸಬೇಡಿ. ನಮ್ಮ ಸ್ವಂತ ಪದಕ್ಕೆ ದೂರದ ನೆಂಟರನ್ನು ಹುಡುಕಿ ಕೊಡುವುದು ಅದಕ್ಕೆ ಗೌರವವಲ್ಲ. ಅದಕ್ಕೆ ತನ್ನದೇ ಬಳಗವಿದೆ.

ಅಭ್ಯಾಸಕ್ಕೆ ಇನ್ನೊಂದು

ಈಗ ನೀವೇ ‘ಕ್ರೇದೋ’ ಹಿಡಿಯಿರಿ. ನಂಬುತ್ತೇನೆ ಎಂದರ್ಥ. ನಾಲ್ಕು ರೂಪ: ಕ್ರೇದೋ, ಕ್ರೇದೆರೆ, ಕ್ರೇದಿದೀ, ಕ್ರೇದಿತುಮ್. ಕೊನೆಯದರಿಂದ ಬ್ಯಾಂಕಿನ ‘ಕ್ರೆಡಿಟ್’. ಇದರ ಪಕ್ಕಕ್ಕೆ ಸಂಸ್ಕೃತದ ‘ಶ್ರದ್ಧಾ’ ಇಟ್ಟು ಪರೀಕ್ಷೆ ಮಾಡಿ. ಎರಡು ಸುಳಿವು ಕೊಡುತ್ತೇನೆ. ಸಂಸ್ಕೃತದ ‘ಶ’ಕ್ಕೆ ಲ್ಯಾಟಿನ್ನಿನಲ್ಲಿ ‘ಕ’ ಬರುತ್ತದೆ: ಶತ – ಕೆಂತುಮ್, ದಶ – ದೆಕೆಮ್. ಪದದ ನಡುವಿನ ‘ಧ’ಕ್ಕೆ ‘ದ’ ಬರುತ್ತದೆ: ಮಧ್ಯ – ಮೆದಿಉಸ್. ಮೊದಲು ಶ್ರದ್ಧಾ ಎಂಬುದನ್ನು ‘ಶ್ರತ್’ ಮತ್ತು ‘ಧಾ’ ಎಂದು ಬಿಡಿಸಿ, ಆಮೇಲೆ ಕ್ರೇದೋ ಎಲ್ಲಿ ಒಡೆಯುತ್ತದೆ ಎಂದು ನೋಡಿ.